ಸಾಗರದ ಈಚೆ ಆಚೆ ಇರೋ ಬಂಡೆಗಳನ್ನ ಹೋಲಿಸೋದು ಹೇಗೆ: ಕ್ಯಾಲಿಡೋನಿಯನ್–ಅಪಲಾಚಿಯನ್ ಪರ್ವತ ಸಾಲು ಹಿಡ್ಕೊಂಡು ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಮರಳು ಗಟ್ಟಿಯಾಗಿ ಆದ ಬಿಳಿ ಕ್ವಾರ್ಟ್‌ಜೈಟ್ ಇದೆ, ಅದ್ರ ಮೇಲೆ ಸುಣ್ಣಕಲ್ಲು ಮತ್ತೆ ಅದ್ರದೇ ಹತ್ತಿರದ ಜಾತಿಯ ಡೋಲೊಮೈಟ್ ಕೂತಿದೆ. ಅಟ್ಲಾಂಟಿಕ್ ದಾಟಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪಶ್ಚಿಮಕ್ಕೆ ಹೋದ್ರೆ ಅಲ್ಲೂ ಹೆಚ್ಚುಕಮ್ಮಿ ಇದೇ ಸಾಲು ಕಾಣತ್ತೆ. ಇವೆರಡೂ ಒಂದೇನಾ? ಹೌದು ಅನ್ನೋದಾದ್ರೆ ಯಾವ ಅರ್ಥದಲ್ಲಿ, ಎಷ್ಟು ಗಟ್ಟಿಯಾಗಿ? ಈ ಪ್ರಶ್ನೆಗೆ ಉತ್ತರ ಹುಡುಕೋ ದಾರಿಯನ್ನ ಇಲ್ಲಿ ಮೊದಲಿಂದ ಕೊನೆವರೆಗೂ ಬರೀತಿದೀನಿ, ಜಿಯಾಲಜಿ ಓದೋರಿಗೂ ಸುಮ್ನೆ ಆಸಕ್ತಿ ಇರೋರಿಗೂ ಅರ್ಥ ಆಗೋ ಹಾಗೆ.

ಹಿನ್ನೆಲೆ ಚುಟುಕಾಗಿ ಹೇಳ್ಬಿಡ್ತೀನಿ. ಅಮೆರಿಕದ ಅಲಬಾಮಾದಿಂದ ಶುರುವಾಗಿ ಅಪಲಾಚಿಯನ್ ಬೆಟ್ಟಗಳು, ನ್ಯೂಫೌಂಡ್‌ಲ್ಯಾಂಡ್, ಐರ್ಲೆಂಡ್, ಸ್ಕಾಟ್ಲೆಂಡ್, ನಾರ್ವೆ, ಪೂರ್ವ ಗ್ರೀನ್‌ಲ್ಯಾಂಡ್, ಸ್ವಾಲ್ಬಾರ್ಡ್ ತನಕ ಹೋಗೋದು ಕ್ಯಾಲಿಡೋನಿಯನ್–ಅಪಲಾಚಿಯನ್ ಅನ್ನೋ ಒಂದೇ ಹಳೇ ಪರ್ವತ ಸಾಲಿನ ತುಂಡುಗಳು. ಸುಮಾರು 60 ಕೋಟಿ ವರ್ಷ ಹಿಂದೆ ತೆರ್ಕೊಳ್ಳೋಕೆ ಶುರುವಾದ ಐಯಾಪೆಟಸ್ ಅನ್ನೋ ಸಾಗರ ಸುಮಾರು 42 ಕೋಟಿ ವರ್ಷ ಹಿಂದಿನ ಹೊತ್ತಿಗೆ ಮುಚ್ಕೊಂಡ್ತು, ಆ ಮುಚ್ಚೋ ಹೊತ್ತಲ್ಲಿ ಒಂದಲ್ಲ ಹಲವು ಡಿಕ್ಕಿಗಳಲ್ಲಿ ಈ ಬೆಟ್ಟಗಳು ಎದ್ದವು. ಎಷ್ಟೋ ಕಾಲ ಆದ್ಮೇಲೆ ಈಗಿನ ಅಟ್ಲಾಂಟಿಕ್ ತೆರ್ಕೊಂಡು ಸಾಲನ್ನ ಎರಡು ಭಾಗ ಮಾಡ್ತು. ಈಗಿನದಕ್ಕಿಂತ ಮೊದ್ಲು ಇನ್ನೊಂದು ಅಟ್ಲಾಂಟಿಕ್ ಇದ್ದು ಮುಚ್ಚಿ ಹೋಗಿತ್ತಾ ಅನ್ನೋ ಪ್ರಶ್ನೆಯನ್ನ 1966ರಲ್ಲಿ ಕೆನಡಾದ ವಿಜ್ಞಾನಿ ಟೂಜೋ ವಿಲ್ಸನ್ ಎತ್ತಿದ್ರು, ಅವ್ರು ಹಿಡಿದ ಮುಖ್ಯ ಎಳೆಗಳಲ್ಲಿ ಪಳೆಯುಳಿಕೆಗಳೂ ಒಂದು. ಅದಕ್ಕೆ ಮುಂದೆ ಬರ್ತೀನಿ.

ಏನನ್ನ ಸಾಬೀತು ಮಾಡೋಕೆ ಹೊರಟಿದೀರ ಅಂತ ಮೊದ್ಲೇ ಬರ್ಕೊಳ್ಳಿ

ಎರಡು ದೂರದ ಬಂಡೆಗಳ ಬಗ್ಗೆ ಮೂರು ಬೇರೆ ಬೇರೆ ಮಾತು ಹೇಳ್ಬಹುದು. ಇವು ಒಂದು ಕಾಲದಲ್ಲಿ ಕಡಿಯದೆ ಹಬ್ಬಿದ್ದ ಒಂದೇ ಪದರದ ತುಂಡುಗಳು ಅನ್ನೋದು ಒಂದು. ಇವು ಒಂದೇ ಕಾಲದಲ್ಲಿ ಆದವು, ಆದ್ರೆ ಬೇರೆ ಬೇರೆ ಜಾಗದಲ್ಲಿ ಅನ್ನೋದು ಇನ್ನೊಂದು. ಇವು ಒಂದೇ ಥರದ ಪರಿಸರದಲ್ಲಿ ಆದವು, ಕಾಲ ಬೇರೆ ಇರ್ಬಹುದು ಅನ್ನೋದು ಮೂರನೇದು. ಮೂರನೇದಕ್ಕೆ ಇರೋ ಪುರಾವೆ ಇಟ್ಕೊಂಡು ಮೊದಲನೇದನ್ನ ಹೇಳೋದು ಈ ಕೆಲಸದಲ್ಲಿ ಆಗೋ ಅತಿ ದೊಡ್ಡ ತಪ್ಪು, ಪ್ರಕಟವಾದ ಚಾರ್ಟ್‌ಗಳಲ್ಲೂ ಕಾಣತ್ತೆ. ಬಣ್ಣ, ಕಣದ ಸೈಜು, ದಪ್ಪ ಎಲ್ಲ ಮ್ಯಾಚ್ ಆಯ್ತು ಅಂದ್ರೆ ಅದು ಮೂರನೇ ಮಾತಿಗೆ ಮಾತ್ರ ಸಾಕು. ಉಳಿದ ಎರಡಕ್ಕೆ ಕಾಲ ಬೇಕು, ಮತ್ತೆ ಘಟನೆಗಳ ಕ್ರಮ ಬೇಕು. ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಇಷ್ಟೇ: ಬಂಡೆಯನ್ನ ಬಂಡೆ ಜೊತೆ ಹೋಲಿಸಬೇಡಿ, ಒಂದು ಕಡೆ ಏನಾದ್ಮೇಲೆ ಏನಾಯ್ತು ಅನ್ನೋ ಸರಣಿಯನ್ನ ಇನ್ನೊಂದು ಕಡೆಯ ಸರಣಿ ಜೊತೆ ಹೋಲಿಸಿ.

ಮ್ಯಾಪನ್ನ ಹಿಂದಕ್ಕೆ ತಗೊಂಡ್ಹೋಗಿ

ಈಗಿನ ಮ್ಯಾಪಲ್ಲಿ ಗೆರೆ ಎಳೆದ್ರೆ ಪ್ರಯೋಜನ ಇಲ್ಲ. ಮೊದ್ಲು ಅಟ್ಲಾಂಟಿಕ್ ಮುಚ್ಚಿ. 1965ರಲ್ಲಿ ಬುಲ್ಲಾರ್ಡ್ ಮತ್ತೆ ಸಂಗಡಿಗರು ಕಂಪ್ಯೂಟರಲ್ಲಿ ಖಂಡಗಳ ಅಂಚನ್ನ ಕರಾವಳಿಯಿಂದ ಅಲ್ಲ, ಸಮುದ್ರದೊಳಗೆ 500 ಫ್ಯಾದಮ್ (ಸುಮಾರು 900 ಮೀಟರ್) ಆಳದ ಗೆರೆಯಿಂದ ಜೋಡಿಸಿ ತೋರಿಸಿದ್ರು, ಈಗ ಸಾಗರತಳದ ಅಯಸ್ಕಾಂತ ಪಟ್ಟಿಗಳಿಂದ ಇನ್ನೂ ನಿಖರವಾಗಿ ಮಾಡ್ಬಹುದು, ಜಿಪ್ಲೇಟ್ಸ್ ಥರದ ಉಚಿತ ಸಾಫ್ಟ್‌ವೇರ್ ಸಾಕು. ಇದಾದ್ಮೇಲೆ ಬಂಡೆ ಸೀಳಿ ಜರುಗಿರೋ ಗೆರೆಗಳನ್ನ, ಅಂದ್ರೆ ಫಾಲ್ಟ್‌ಗಳನ್ನ ಹಿಂದಕ್ಕೆ ಜರುಗಿಸಬೇಕು, ಸ್ಕಾಟ್ಲೆಂಡಿನ ಗ್ರೇಟ್ ಗ್ಲೆನ್ ಥರದ ಫಾಲ್ಟ್‌ಗಳು ಪಕ್ಕಕ್ಕೆ ಜಾರಿವೆ, ಅಂದ್ರೆ ಈಗ ಎದುರುಬದುರು ಇರೋ ಬಂಡೆಗಳು ಆಗ ಎದುರುಬದುರು ಇರ್ಲಿಲ್ಲ. ಕೊನೇದಾಗಿ ಥ್ರಸ್ಟ್‌ಗಳನ್ನ ಬಿಚ್ಚಿ ಹರಡಬೇಕು, ಯಾಕಂದ್ರೆ ಪರ್ವತ ಎದ್ದಾಗ ಪದರಗಳು ಹತ್ತಾರು ಕಿಲೋಮೀಟರ್ ಒಂದರ ಮೇಲೊಂದು ಜರುಗಿ ಕೂತಿರತ್ತೆ. ಇದೆಲ್ಲ ಪರ್ಫೆಕ್ಟಾಗಿ ಮಾಡೋಕಾಗಲ್ಲ, ಒರಟಾಗಿ ಮಾಡಿದ್ರೂ ಪರ್ವಾಗಿಲ್ಲ, ಮಾಡ್ದೇ ಮುಂದೆ ಹೋಗ್ಬೇಡಿ ಅಷ್ಟೇ.

ಸಾಗರದ ಯಾವ ದಡ ಅಂತ ಗೊತ್ತು ಮಾಡ್ಕೊಳ್ಳಿ

ಇದು ತುಂಬ ಮುಖ್ಯ. ನ್ಯೂಫೌಂಡ್‌ಲ್ಯಾಂಡ್ ಒಂದೇ ದ್ವೀಪ, ಆದ್ರೆ ಅದ್ರೊಳಗೆ ಐಯಾಪೆಟಸ್‌ನ ಎರಡೂ ದಡ ಇವೆ. ಹೆರಾಲ್ಡ್ ವಿಲಿಯಮ್ಸ್ ಅದನ್ನ ಪಶ್ಚಿಮದಿಂದ ಪೂರ್ವಕ್ಕೆ ನಾಲ್ಕು ವಲಯ ಮಾಡಿ ತೋರಿಸಿದ್ರು. ಹಂಬರ್ ವಲಯ ಅಂದ್ರೆ ಲಾರೆನ್ಶಿಯಾ ಖಂಡದ ಅಂಚು, ಅಂದ್ರೆ ಹಳೇ ಉತ್ತರ ಅಮೆರಿಕ. ಡನೇಜ್ ವಲಯದಲ್ಲಿ ಸಾಗರದ ತಳದ ತುಂಡುಗಳು ಮತ್ತೆ ಜ್ವಾಲಾಮುಖಿ ದ್ವೀಪಗಳ ಅವಶೇಷ. ಗ್ಯಾಂಡರ್ ಮತ್ತೆ ಅವಲಾನ್ ವಲಯಗಳು ಆಚೆ ದಡದ್ದು, ಗೊಂಡ್ವಾನಾ ಅನ್ನೋ ದಕ್ಷಿಣದ ಹಳೇ ಮಹಾಖಂಡದ ಕಡೆಯಿಂದ ಬಂದಿದ್ದು.

ಈಗ ಬ್ರಿಟನ್ ನೋಡಿ. ಸ್ಕಾಟ್ಲೆಂಡಿನ ಬಹುಭಾಗ ಲಾರೆನ್ಶಿಯಾ, ಇಂಗ್ಲೆಂಡ್ ಮತ್ತೆ ವೇಲ್ಸ್ ಅವಲೋನಿಯಾ, ಅಂದ್ರೆ ಅವಲಾನ್ ವಲಯ ಸೇರಿದ ಆಚೆ ದಡದ ಖಂಡದ ತುಂಡು, ಎರಡೂ ಕೂಡಿದ ಹೊಲಿಗೆ ಗೆರೆ ಸಾಲ್ವೇ ಕೊಲ್ಲಿಯ ಆಸುಪಾಸಲ್ಲಿ ಹೋಗತ್ತೆ. ಹಾಗಾಗಿ ಇಂಗ್ಲೆಂಡಿನ ಬಂಡೆಗೆ ಜೊತೆ ಹುಡುಕೋರು ಸ್ಕಾಟ್ಲೆಂಡ್ ಕಡೆ ನೋಡೋದಕ್ಕಿಂತ ನ್ಯೂಫೌಂಡ್‌ಲ್ಯಾಂಡಿನ ಆಗ್ನೇಯ ಭಾಗ ನೋಡ್ಬೇಕು. ಇದಕ್ಕೆ ಒಂದು ಸುಂದರ ಸಾಕ್ಷಿ ಇದೆ, 1957ರಲ್ಲಿ ಇಂಗ್ಲೆಂಡಿನ ಚಾರ್ನ್‌ವುಡ್ ಕಾಡಲ್ಲಿ ಸಿಕ್ಕ ಎಲೆಯಾಕಾರದ ಪಳೆಯುಳಿಕೆಗೆ ಮುಂದಿನ ವರ್ಷ ಚಾರ್ನಿಯಾ ಅಂತ ಹೆಸರು ಕೊಟ್ರು, ಅದೇ ಚಾರ್ನಿಯಾ ನ್ಯೂಫೌಂಡ್‌ಲ್ಯಾಂಡ್ ಆಗ್ನೇಯದ ಮಿಸ್ಟೇಕನ್ ಪಾಯಿಂಟಲ್ಲೂ ಸಿಗತ್ತೆ, ಅಲ್ಲಿನ ಬೂದಿ ಪದರಗಳ ಡೇಟಿಂಗ್ ಸುಮಾರು 56.5 ಕೋಟಿ ವರ್ಷ ಅಂತ ಬಂದಿದೆ. ವಲಯ ಮೊದ್ಲು, ಯೂನಿಟ್ (ಒಂದೊಂದು ಬಂಡೆ ಪದರದ ಗುಂಪು) ಆಮೇಲೆ.

ಎರಡೂ ಕಡೆ ನಿಮ್ಮದೇ ಕಾಲಂ ಬರೀರಿ, ಮೇಲು ಕೆಳಗು ಪರೀಕ್ಷೆ ಮಾಡಿ

ಬೇರೆಯವ್ರು ಪದರದ ಗುಂಪುಗಳಿಗೆ ಕೊಟ್ಟ ಫಾರ್ಮೇಶನ್ ಹೆಸರುಗಳನ್ನ ಪಕ್ಕಕ್ಕಿಟ್ಟು, ಎರಡೂ ಕಡೆ ಕೆಳಗಿಂದ ಮೇಲಕ್ಕೆ ಏನೇನಿದೆ ಅಂತ ಒಂದೇ ಸ್ಕೇಲಲ್ಲಿ ಬರ್ಕೊಳ್ಳಿ. ಪದರ ತಲೆಕೆಳಗಾಗಿದೆಯಾ ಅಂತ ಪ್ರತಿ ಜಾಗದಲ್ಲೂ ನೋಡಿ: ಕ್ರಾಸ್-ಬೆಡ್ಡಿಂಗ್ (ಮರಳು ಓರೆಯಾಗಿ ಕೂತ ತೆಳು ಪದರಗಳು) ಮೇಲ್ಗಡೆ ಕತ್ತರಿಸಿ ಹೋಗಿರತ್ತೆ, ಕೆಳಗಡೆ ಬಾಗಿ ಬಂದು ಸೇರತ್ತೆ, ಗ್ರೇಡೆಡ್ ಪದರದಲ್ಲಿ ದಪ್ಪ ಕಣ ಕೆಳಗೆ, ಸಣ್ಣದು ಮೇಲೆ. ಪರ್ವತ ಸಾಲಲ್ಲಿ ಇಡೀ ಕಿಲೋಮೀಟರ್‌ಗಟ್ಟಲೆ ಜಾಗ ಮಗುಚಿ ಬಿದ್ದಿರೋದು ಸಾಮಾನ್ಯ.

ಈ ಹಂತ ಬಿಟ್ರೆ ಏನಾಗತ್ತೆ ಅನ್ನೋದಕ್ಕೆ ಸ್ಕಾಟಿಷ್ ಹೈಲ್ಯಾಂಡ್ಸ್ ವಿವಾದಕ್ಕಿಂತ ದೊಡ್ಡ ಪಾಠ ಇಲ್ಲ. 19ನೇ ಶತಮಾನದಲ್ಲಿ ಜಿಯಾಲಜಿಸ್ಟ್ ಮರ್ಚಿಸನ್, ಪಳೆಯುಳಿಕೆ ಇರೋ ಸುಣ್ಣಕಲ್ಲಿನ ಮೇಲೆ ಷಿಸ್ಟ್ (ಶಾಖ ಒತ್ತಡದಲ್ಲಿ ಹಾಳೆ ಹಾಳೆಯಾದ ಬಂಡೆ) ಕೂತಿದೆ, ಹಾಗಾಗಿ ಷಿಸ್ಟೇ ಕಿರಿಯದು ಅಂತ ಗಟ್ಟಿಯಾಗಿ ಹೇಳಿದ್ರು. ನಿಕೋಲ್ ಒಪ್ಪಲಿಲ್ಲ, ಮಧ್ಯ ಫಾಲ್ಟ್ ಇದೆ ಅಂದ್ರು. ಆದ್ರೆ ಮರ್ಚಿಸನ್ ಬ್ರಿಟನ್ನಿನ ಜಿಯಾಲಜಿಕಲ್ ಸರ್ವೇ ಮುಖ್ಯಸ್ಥರು, ಅವ್ರ ಮಾತೇ ದಶಕಗಳ ಕಾಲ ನಡೀತು. 1880ರ ದಶಕದಲ್ಲಿ ಲ್ಯಾಪ್‌ವರ್ತ್ ಕೂತು ವಿವರವಾಗಿ ಮ್ಯಾಪ್ ಮಾಡಿದ್ಮೇಲೆ, ಆಮೇಲೆ ಪೀಚ್ ಮತ್ತೆ ಹಾರ್ನ್ ಇಡೀ ಪ್ರದೇಶ ಅಳೆದ್ಮೇಲೆ ಗೊತ್ತಾಯ್ತು, ಮೇಲಿರೋ ಆ ಷಿಸ್ಟ್, ಅಂದ್ರೆ ಮೋಯಿನ್ ಬಂಡೆಗಳು, ಕೆಳಗಿನ ಸುಣ್ಣಕಲ್ಲಿಗಿಂತ ಎಷ್ಟೋ ಕೋಟಿ ವರ್ಷ ಹಳೇದು, ಮೋಯಿನ್ ಥ್ರಸ್ಟ್ ಮೇಲೆ ಜಾರಿ ಬಂದು ಕೂತಿವೆ ಅಂತ. ಅದಕ್ಕೇ ಕಾಲಂನಲ್ಲಿ ಎರಡು ಯೂನಿಟ್ ಮಧ್ಯೆ ಇರೋ ಪ್ರತಿ ಗಡಿಗೂ ಒಂದು ಗುರುತು ಹಾಕಿ: ನಿಧಾನವಾಗಿ ಬದಲಾಗಿದ್ಯಾ, ಸವೆದು ಆಮೇಲೆ ಕೂತಿದ್ದಾ, ಇಲ್ಲಾ ಫಾಲ್ಟಾ. ಕಣ್ಣಿಗೆ ಕಂಡಿಲ್ಲ ಅಂದ್ರೆ ಕಂಡಿಲ್ಲ ಅಂತಲೇ ಬರೀರಿ.

ಈಗ ನಿಜವಾದ ಹೋಲಿಕೆ

ಶುರುವಲ್ಲಿ ಹೇಳಿದ ಜೋಡಿಯನ್ನೇ ತಗೊಳ್ಳೋಣ, ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇಡೀ ವಿಧಾನ ಇದ್ರಲ್ಲೇ ಇದೆ.

ಸ್ಕಾಟ್ಲೆಂಡಲ್ಲಿ ತಳದಲ್ಲಿ ಲೂಯಿಸಿಯನ್ ನೈಸ್ (ಶಾಖ ಒತ್ತಡದಲ್ಲಿ ಪಟ್ಟೆ ಪಟ್ಟೆಯಾದ ಬಂಡೆ), ಕೆಲವು ಭಾಗ 300 ಕೋಟಿ ವರ್ಷದ ಹತ್ರ ಹಳೇದು. ಅದ್ರ ಮೇಲೆ ಕೆಲವು ಕಡೆ ಟೊರಿಡೋನಿಯನ್ ಕೆಂಪು ಮರಳುಗಲ್ಲು. ಇವೆರಡನ್ನೂ ಸವೆಸಿ ಸಮ ಮಾಡಿದ ಮೇಲ್ಮೈ ಮೇಲೆ ಎರಿಬೋಲ್ ಕ್ವಾರ್ಟ್‌ಜೈಟ್. ಅದ್ರ ಮೇಲಿನ ಭಾಗವೇ ಪೈಪ್ ರಾಕ್: ಬಂಡೆಯ ಅಡ್ಡಮುಖದಲ್ಲಿ ಬೆರಳು ದಪ್ಪದ ಬಿಳಿ ಕೊಳವೆಗಳು ಲಂಬವಾಗಿ ಸಾಲಾಗಿ ನಿಂತಿರತ್ತೆ, ಪದರದ ಮೇಲ್ಮುಖ ನೋಡಿದ್ರೆ ದುಂಡು ಚುಕ್ಕೆಗಳು ತುಂಬ್ಕೊಂಡಿರತ್ತೆ, ಮರಳಲ್ಲಿ ಬಿಲ ತೋಡಿದ ಹುಳುಗಳ ಗುರುತು ಅದು, ಸ್ಕೋಲಿಥಸ್ ಅಂತಾರೆ. ಅದ್ರ ಮೇಲೆ ಕಂದು ಬಣ್ಣಕ್ಕೆ ತಿರುಗೋ ಫ್ಯೂಕಾಯ್ಡ್ ಬೆಡ್ಸ್, ಅದ್ರಲ್ಲಿ ಒಲೆನೆಲ್ಲಸ್ ಅನ್ನೋ ಟ್ರೈಲೋಬೈಟ್, ಅಂದ್ರೆ ಗಟ್ಟಿ ಚಿಪ್ಪಿದ್ದ ಹಳೇ ಸಮುದ್ರಪ್ರಾಣಿ. ಅದ್ರ ಮೇಲೆ ಮತ್ತೆ ಮರಳು, ಸಾಲ್ಟೆರೆಲ್ಲಾ ಗ್ರಿಟ್, ಕೆಲವೇ ಮಿಲಿಮೀಟರ್ ಉದ್ದದ ಶಂಕುವಿನಾಕಾರದ ಚಿಪ್ಪುಗಳಿಂದ ಆ ಹೆಸರು. ಆಮೇಲೆ ಡರ್ನೆಸ್ ಗ್ರೂಪಿನ ಕಾರ್ಬೊನೇಟ್ (ಸುಣ್ಣಕಲ್ಲು, ಡೋಲೊಮೈಟ್), ಕೇಂಬ್ರಿಯನ್ ಕಾಲದಿಂದ ಅದ್ರ ಮುಂದಿನ ಆರ್ಡೊವಿಶಿಯನ್ ಕಾಲದ ತನಕ.

ಆಚೆ ದಡದಲ್ಲಿ, ನ್ಯೂಫೌಂಡ್‌ಲ್ಯಾಂಡ್ ಪಶ್ಚಿಮ ಮತ್ತೆ ಲ್ಯಾಬ್ರಡಾರ್ ದಕ್ಷಿಣದಲ್ಲಿ: ತಳದಲ್ಲಿ ಗ್ರೆನ್‌ವಿಲ್ ಕಾಲದ ನೈಸ್, ಅಂದ್ರೆ ಸುಮಾರು 100 ಕೋಟಿ ವರ್ಷ ಹಿಂದೆ ರೂಪಾಂತರ ಆಗಿದ್ದು. ಅದ್ರ ಮೇಲೆ ಬ್ರಾಡೋರ್ ಮರಳುಗಲ್ಲು, ಅದ್ರಲ್ಲೂ ಸ್ಕೋಲಿಥಸ್ ಕೊಳವೆ. ಆಮೇಲೆ ಫೋರ್ಟೋ ಫಾರ್ಮೇಶನ್, ಶೇಲ್ (ಕೆಸರು ಗಟ್ಟಿಯಾದ ಬಂಡೆ) ಮತ್ತೆ ಸುಣ್ಣಕಲ್ಲು, ಒಲೆನೆಲ್ಲಸ್ ಗುಂಪಿನ ಟ್ರೈಲೋಬೈಟ್‌ಗಳು, ಸಾಲ್ಟೆರೆಲ್ಲಾ ಕೂಡ. ಆಮೇಲೆ ಹಾಕ್ ಬೇ ಮರಳು. ಆಮೇಲೆ ಪೋರ್ಟ್ ಓ ಪೋರ್ಟ್ ಮತ್ತೆ ಸೇಂಟ್ ಜಾರ್ಜ್ ಗ್ರೂಪಿನ ಕಾರ್ಬೊನೇಟ್.

ಮರಳು, ಮಣ್ಣು ಮಿಶ್ರಿತ ಪದರ, ಮತ್ತೆ ಮರಳು, ಕೊನೆಗೆ ದಪ್ಪ ಕಾರ್ಬೊನೇಟ್, ಸರಣಿ ಕೂತ್ಕೊಂಡ್ತು. ಸಮುದ್ರ ಖಂಡದ ಅಂಚಿನ ಮೇಲೆ ಏರಿ ಬಂದು, ಮಧ್ಯ ಒಮ್ಮೆ ಹಿಂಜರಿದು, ಮತ್ತೆ ಏರಿ ಬೆಚ್ಚನೆ ಆಳವಿಲ್ಲದ ಸಮುದ್ರವಾಗಿ ನಿಂತ ಕಥೆ ಎರಡೂ ಕಡೆ ಒಂದೇ. ಆದ್ರೆ ಗಟ್ಟಿ ಗಂಟು, ಅಂದ್ರೆ ಎರಡೂ ಕಡೆ ಒಂದೇ ಕಾಲ ಅಂತ ಕಟ್ಟೋ ಗುರುತು, ಎಲ್ಲಿ ಹಾಕೋದು? ಕೊಳವೆ ನೋಡಿ ಹಾಕ್ಬಾರ್ದು. ಫ್ರಾನ್ಸಿನ ಬ್ರಿಟನಿಯಲ್ಲಿ ಆರ್ಮೊರಿಕನ್ ಮರಳುಗಲ್ಲು ಅಂತಿದೆ, ಅದ್ರಲ್ಲೂ ಇಂಥದೇ ಬಿಳಿ ಕ್ವಾರ್ಟ್ಸ್, ಇಂಥದೇ ಸ್ಕೋಲಿಥಸ್, ಆದ್ರೆ ಅದು ಆರ್ಡೊವಿಶಿಯನ್, ಸುಮಾರು 4 ಕೋಟಿ ವರ್ಷ ಕಿರಿದು, ಮತ್ತೆ ಗೊಂಡ್ವಾನಾ ಕಡೆಯದ್ದು. ಕೊಳವೆ ಹೇಳೋದು ಪರಿಸರ ಮಾತ್ರ. ಗಂಟು ಹಾಕ್ಬೇಕಾಗಿರೋದು ಒಲೆನೆಲ್ಲಸ್ ಮತ್ತೆ ಸಾಲ್ಟೆರೆಲ್ಲಾ ಸಿಗೋ ಮಟ್ಟದಲ್ಲಿ, ಯಾಕಂದ್ರೆ ಅವು ಕೇಂಬ್ರಿಯನ್‌ನ ಒಂದು ಸಣ್ಣ ಅವಧಿಲಿ ಮಾತ್ರ ಬದುಕಿದ್ವು, ಅದೂ ಮುಖ್ಯವಾಗಿ ಲಾರೆನ್ಶಿಯಾ ಅಂಚಿನಲ್ಲಿ. ಅದ್ರ ಕೆಳಗಿನ ಮರಳಿನ ತಳ ಎರಡೂ ಕಡೆ ಒಂದೇ ಹೊತ್ತಲ್ಲಿ ಬಿತ್ತು ಅಂತ ಅಂದ್ಕೊಳ್ಳೋ ಹಾಗಿಲ್ಲ, ಏರೋ ಸಮುದ್ರ ಒಂದು ಕಡೆ ಮೊದ್ಲು ಮುಟ್ಟತ್ತೆ, ಇನ್ನೊಂದು ಕಡೆ ತಡವಾಗಿ. ಹಾಗೇ ಸಾಲ್ಟೆರೆಲ್ಲಾ ಗ್ರಿಟ್ ಅಂದ್ರೆ ಹಾಕ್ ಬೇ ಅಂತ ಸಮೀಕರಣ ಬರೆದು ಬಿಡಬೇಡಿ, ಎರಡೂ ಸಮುದ್ರ ಹಿಂಜರಿದ ಮರಳು ಹೌದು, ಆದ್ರೆ ಮೇಲಿನ ಗಡಿಯ ಕಾಲ ಬೇರೆ ಪುರಾವೆಯಿಂದ ಬರ್ಬೇಕು.

ವ್ಯತ್ಯಾಸಗಳನ್ನೂ ಅಷ್ಟೇ ಪ್ರೀತಿಯಿಂದ ಬರ್ಕೊಳ್ಳಿ. ಲ್ಯಾಬ್ರಡಾರ್ ಕರಾವಳಿಯ ಫೋರ್ಟೋದಲ್ಲಿ ಆರ್ಕಿಯೋಸಯಾಥ್ ಅನ್ನೋ ಸ್ಪಂಜು ಜಾತಿಯ ಪ್ರಾಣಿಗಳು ಕಟ್ಟಿದ ರೀಫ್‌ಗಳಿವೆ, ಸ್ಕಾಟ್ಲೆಂಡಲ್ಲಿ ಆ ಮಟ್ಟದಲ್ಲಿ ಅಂಥದ್ದಿಲ್ಲ. ತಳದ ನೈಸ್‌ಗಳ ವಯಸ್ಸೂ ಬೇರೆ. ಅಂದ್ರೆ ಇವು ಒಂದೇ ಅಂಚಿನ ಬೇರೆ ಬೇರೆ ಜಾಗಗಳು. ಇಲ್ಲಿ ನಿಮಗೆ ಸಿಕ್ಕಿದ್ದು ಎರಡನೇ ಮಾತು, ಒಂದೇ ಕಾಲ ಮತ್ತೆ ಒಂದೇ ಅಂಚು. ಒಂದೇ ಪದರದ ತುಂಡು ಅನ್ನೋ ಮೊದಲನೇ ಮಾತು ಹೇಳೋಕೆ ಇಷ್ಟು ಸಾಲಲ್ಲ.

ಪಳೆಯುಳಿಕೆ ಬಳಸುವಾಗ

ಎರಡು ಕೆಲಸವನ್ನ ಬೇರೆ ಇಡಿ: ಕಾಲ ಹೇಳೋದು ಒಂದು, ಯಾವ ದಡ ಅಂತ ಹೇಳೋದು ಇನ್ನೊಂದು. ಒಲೆನೆಲ್ಲಸ್ ಲಾರೆನ್ಶಿಯಾ, ಪ್ಯಾರಡಾಕ್ಸೈಡಿಸ್ ಅನ್ನೋ ಇನ್ನೊಂದು ಟ್ರೈಲೋಬೈಟ್ ಆಚೆ ದಡ ಅಂತ ಎಷ್ಟೋ ಕಡೆ ಬರೆದಿರ್ತಾರೆ. ತಪ್ಪಲ್ಲ, ಆದ್ರೆ ಮೊದಲನೇದು ಹಳೇದು, ಎರಡನೇದು ಅದಾದ್ಮೇಲಿಂದು, ಹಾಗಾಗಿ ಈ ಹೋಲಿಕೆಲಿ ಕಾಲ ಮತ್ತೆ ಜಾಗ ಎರಡೂ ಕಲಸಿ ಹೋಗಿದೆ. ಒಲೆನೆಲ್ಲಸ್ ಎದುರಿಗೆ ಇಡಬೇಕಾದ್ದು ಸರಿಸುಮಾರು ಅದೇ ಕಾಲಘಟ್ಟದ ಕಲ್ಲಾವಿಯಾ ಅನ್ನೋ ಟ್ರೈಲೋಬೈಟ್. ಅದು ಇಂಗ್ಲೆಂಡಿನ ಶ್ರಾಪ್‌ಶೈರ್, ನ್ಯೂಫೌಂಡ್‌ಲ್ಯಾಂಡ್ ಆಗ್ನೇಯ, ಮತ್ತೆ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸಿಗತ್ತೆ, ಮೂರೂ ಅವಲೋನಿಯಾ. ಅದಾದ್ಮೇಲೆ ಪ್ಯಾರಡಾಕ್ಸೈಡಿಸ್ ಡೇವಿಡಿಸ್ ಅನ್ನೋ ಪ್ರಭೇದ ವೇಲ್ಸಿನ ಸೇಂಟ್ ಡೇವಿಡ್ಸ್ ಹತ್ರಾನೂ ನ್ಯೂಫೌಂಡ್‌ಲ್ಯಾಂಡಿನ ಮ್ಯಾನುಯಲ್ಸ್ ನದಿ ದಂಡೆಲೂ ಇದೆ. ಹೀಗೆ ಕಾಲಕ್ಕೆ ಕಾಲ ಎದುರಿಟ್ಟಾಗ ಮಾತ್ರ ಸಾಗರದ ಎರಡು ದಡ ಸ್ಪಷ್ಟ ಆಗತ್ತೆ.

ಆಳ ಸಮುದ್ರದ ಶೇಲ್‌ಗಳಿಗೆ ಗ್ರಾಪ್ಟೊಲೈಟ್ (ಗುಂಪಾಗಿ ಬದುಕ್ತಿದ್ದ ಸಣ್ಣ ಸಮುದ್ರಜೀವಿ) ಬೆಸ್ಟ್, ತೇಲ್ತಾ ಇದ್ದಿದ್ರಿಂದ ದೂರ ದೂರ ಹರಡಿದ್ವು, ಬೇಗ ಬೇಗ ಬದಲಾದ್ವು. ಸ್ಕಾಟ್ಲೆಂಡಿನ ಡಾಬ್ಸ್ ಲಿನ್‌ನಲ್ಲಿ ಲ್ಯಾಪ್‌ವರ್ತ್ ಇದನ್ನ ಬಳಸಿ ತೋರಿಸಿದ್ರು, ಈಗ ಆರ್ಡೊವಿಶಿಯನ್ ಆದ್ಮೇಲೆ ಬರೋ ಸಿಲೂರಿಯನ್ ಕಾಲದ ಆರಂಭದ ಜಾಗತಿಕ ಗುರುತು ಅಲ್ಲೇ ಇರೋದು. ಕಾರ್ಬೊನೇಟ್‌ಗೆ ಕೊನೊಡಾಂಟ್, ಅಂದ್ರೆ ಹಲ್ಲಿನಂಥ ಸೂಕ್ಷ್ಮ ಪಳೆಯುಳಿಕೆ, ಬಂಡೆಯನ್ನ ಆಸಿಡಲ್ಲಿ ಕರಗಿಸಿ ತೆಗೀಬೇಕು, ಅದ್ರ ಬಣ್ಣ ತಿಳಿ ಹಳದಿಯಿಂದ ಕಪ್ಪಿಗೆ ಹೋಗಿದ್ರೆ ಬಂಡೆ ಎಷ್ಟು ಕಾದಿತ್ತು ಅನ್ನೋದೂ ಜೊತೆಗೆ ಗೊತ್ತಾಗತ್ತೆ.

ಬೂದಿ ಪದರ ಮತ್ತೆ ಜಿರ್ಕಾನ್

ಜ್ವಾಲಾಮುಖಿ ಬೂದಿ ಒಂದೇ ಸಲ ಬೀಳತ್ತೆ, ಹಾಗಾಗಿ ಅದಕ್ಕಿಂತ ಒಳ್ಳೆ ಕಾಲದ ಗೆರೆ ಇಲ್ಲ ಅಂತ ಅನ್ಸತ್ತೆ. ಆದ್ರೆ ಇಲ್ಲೂ ನೋಡೋಕೆ ಒಂದೇ ಥರ ಅನ್ನೋ ಅಪಾಯ ಇದೆ. ಆರ್ಡೊವಿಶಿಯನ್ ಕಾಲದ ಮಿಲ್‌ಬ್ರಿಗ್ ಬೂದಿ ಅಮೆರಿಕದ ಪೂರ್ವದಲ್ಲಿ, ಕಿನ್ನೆಕುಲ್ಲೆ ಬೂದಿ ಸ್ವೀಡನ್ ಕಡೆ, ಎರಡೂ ಸುಮಾರು 45 ಕೋಟಿ ವರ್ಷದ್ದು, ಎರಡೂ ದಪ್ಪ. 1992ರಲ್ಲಿ ಇವು ಒಂದೇ ದೈತ್ಯ ಸ್ಫೋಟದ್ದು ಅಂತ ಪ್ರಸ್ತಾಪ ಬಂತು. ಆಮೇಲೆ ಬೂದಿಲಿರೋ ಒಂದೊಂದೇ ಜಿರ್ಕಾನ್ ಹರಳಿನ (ಒಳಗಿನ ಯುರೇನಿಯಂ ಸೀಸ ಆಗೋ ಲೆಕ್ಕದಿಂದ ವಯಸ್ಸು ಹೇಳೋ ಖನಿಜ) ವಯಸ್ಸನ್ನ ನಿಖರವಾಗಿ ಅಳೆದಾಗ, ಅಪಟೈಟ್ ಹರಳಿನ ಕೆಮಿಸ್ಟ್ರಿ ನೋಡಿದಾಗ ಬೇರೆ ಬೇರೆ ಸ್ಫೋಟ ಅಂತ ತೇಲಿತು, ಕಿನ್ನೆಕುಲ್ಲೆ ಹತ್ತು ಲಕ್ಷ ವರ್ಷಕ್ಕೂ ಜಾಸ್ತಿ ಹಳೇದು. ಬೂದಿ ಪದರ ಸಿಕ್ರೆ ಡೇಟ್ ಮತ್ತೆ ಹರಳಿನ ಕೆಮಿಸ್ಟ್ರಿ ಎರಡೂ ಮಾಡ್ಸಿ, ಒಂದರಿಂದ ತೀರ್ಮಾನ ಬೇಡ.

ಬೂದಿ ಇಲ್ದಿರೋ ಮರಳುಗಲ್ಲಿಗೆ ಡೆಟ್ರೈಟಲ್ ಜಿರ್ಕಾನ್ ಮಾಡ್ತಾರೆ, ಅಂದ್ರೆ ಬೇರೆ ಕಡೆಯಿಂದ ಸವೆದು ಬಂದು ಮರಳಲ್ಲಿ ಸೇರಿದ ಹರಳುಗಳ ವಯಸ್ಸು. ಮಾದರಿ ಪುಡಿ ಮಾಡಿ, ಭಾರದ ಮೇಲೆ ಬೇರ್ಪಡಿಸಿ, ಹರಳುಗಳನ್ನ ರಾಳದಲ್ಲಿ ಕೂರಿಸಿ ಪಾಲಿಶ್ ಮಾಡಿ, ವಯಸ್ಸಿಗಾಗಿ ಲೇಸರ್ ಹೊಡೆಯೋಕೆ ಮುಂಚೆ ಕ್ಯಾಥೋಡೊಲ್ಯೂಮಿನೆಸೆನ್ಸ್ ಚಿತ್ರ (ಎಲೆಕ್ಟ್ರಾನ್ ಬಡಿದಾಗ ಹರಳು ಬೆಳಗೋದರ ಚಿತ್ರ) ತೆಗೀಬೇಕು. ಆ ಚಿತ್ರದಲ್ಲಿ ಒಂದೇ ಹರಳಿನ ಒಳಗೆ ಪಟ್ಟೆ ಪಟ್ಟೆ ತಿರುಳು ಮತ್ತೆ ಸುತ್ತ ತೆಳು ಅಂಚು ಕಾಣತ್ತೆ, ಅಂಚು ಆಮೇಲೆ ರೂಪಾಂತರದಲ್ಲಿ ಬೆಳೆದಿರ್ಬಹುದು, ಲೇಸರ್ ಅದ್ರ ಮೇಲೆ ಬಿದ್ರೆ ಮರಳಿನ ಮೂಲದ ಬದಲು ಪರ್ವತದ ವಯಸ್ಸು ಬರತ್ತೆ. ಒಟ್ಟಿನ 5 ಶೇಕಡಾಗಿಂತ ದೊಡ್ಡದಾದ ಯಾವ ವಯಸ್ಸಿನ ಗುಂಪೂ ತಪ್ಪಿ ಹೋಗಿಲ್ಲ ಅಂತ 95 ಶೇಕಡಾ ಭರವಸೆ ಬೇಕಂದ್ರೆ ಕನಿಷ್ಠ 117 ಹರಳು ಅಳೀಬೇಕು ಅನ್ನೋದು ಈ ಕ್ಷೇತ್ರದಲ್ಲಿ ಒಪ್ಕೊಂಡಿರೋ ಲೆಕ್ಕ. ಲಾರೆನ್ಶಿಯಾ ಮರಳಲ್ಲಿ ಸಾಮಾನ್ಯವಾಗಿ 100ರಿಂದ 120 ಕೋಟಿ, 180 ಕೋಟಿ, 270 ಕೋಟಿ ವರ್ಷದ ಸುತ್ತಮುತ್ತ ಹರಳುಗಳ ಸಂಖ್ಯೆ ಏರಿರತ್ತೆ. ಅವಲೋನಿಯಾದಲ್ಲಿ 55ರಿಂದ 65 ಕೋಟಿ ವರ್ಷದ ಹರಳುಗಳ ದೊಡ್ಡ ಗುಂಪು. ಅತಿ ಕಿರಿಯ ಹರಳು ಹೇಳೋದು ಮರಳು ಇದಕ್ಕಿಂತ ಹಳೇದಲ್ಲ ಅಂತ ಅಷ್ಟೇ, ಅದಕ್ಕೂ ಒಂದೇ ಹರಳು ನಂಬಬೇಡಿ, ಒಂದಕ್ಕೊಂದು ಹೊಂದೋ ಮೂರಾದ್ರೂ ಇರ್ಲಿ. ಮತ್ತೆ ನೆನಪಿಡಿ, ಎರಡು ಮರಳುಗಲ್ಲಿನ ಜಿರ್ಕಾನ್ ಒಂದೇ ಥರ ಇದ್ರೆ ಮೂಲ ಒಂದೇ ಅಂತ, ಕಾಲ ಒಂದೇ ಅಂತಲ್ಲ, ಹಳೇ ಮರಳುಗಲ್ಲು ಸವೆದು ಹೊಸ ಮರಳಾದ್ರೂ ಅದೇ ಹರಳುಗಳು ಬರತ್ತೆ.

ಕಾರ್ಬನ್ ಐಸೊಟೋಪ್ (ಬಂಡೆಲಿರೋ ಭಾರದ ಮತ್ತೆ ಹಗುರ ಕಾರ್ಬನ್ನಿನ ಅನುಪಾತ) ಬಗ್ಗೆ ಎರಡು ಮಾತು. ಕೇಂಬ್ರಿಯನ್ ಕೊನೆ ಭಾಗದಲ್ಲಿ, ಸುಮಾರು 49.7 ಕೋಟಿ ವರ್ಷ ಹಿಂದೆ ಈ ಅನುಪಾತದಲ್ಲಿ ಸ್ಪೈಸ್ ಅಂತ ಕರೆಯೋ ಏರಿಕೆ ಇದೆ, ಪಳೆಯುಳಿಕೆ ಕಮ್ಮಿ ಇರೋ ಡೋಲೊಮೈಟಲ್ಲಿ ತುಂಬ ಸಹಾಯಕ್ಕೆ ಬರತ್ತೆ. ಆದ್ರೆ ವಕ್ರರೇಖೆಗಳು ಎಲ್ಲಿ ಬೇಕಾದ್ರೂ ಕೂರತ್ತೆ, ಪಳೆಯುಳಿಕೆಯಿಂದ ಮೊದ್ಲು ಮೇಲು ಕೆಳಗಿನ ಮಿತಿ ಹಾಕಿ ಆಮೇಲೆ ಬಳಸಿ.

ರೂಪಾಂತರ ಆಗಿರೋ ಬಂಡೆಗಳಿಗೆ

ಅತ್ಯಂತ ಕಷ್ಟದ್ದು ಇದೇ. ಸ್ಕಾಟ್ಲೆಂಡ್ ಮತ್ತೆ ಐರ್ಲೆಂಡಿನ ಡಾಲ್‌ರೇಡಿಯನ್, ನ್ಯೂಫೌಂಡ್‌ಲ್ಯಾಂಡಿನ ಫ್ಲರ್ ಡಿ ಲಿಸ್, ಎರಡೂ ಲಾರೆನ್ಶಿಯಾ ಅಂಚಿನ ಕೆಸರು ಮರಳು ಕಾದು ಮಡಿಸಿ ಷಿಸ್ಟ್ ಆಗಿದ್ದು. ಎರಡೂ ಕಡೆ ಗಾರ್ನೆಟ್, ಕಯನೈಟ್ ಥರದ ಖನಿಜ ಇದೆ ಅಂತ ಹೋಲಿಸಬೇಡಿ. 1893ರಲ್ಲಿ ಬ್ಯಾರೊ ಹೈಲ್ಯಾಂಡ್ಸ್‌ನಲ್ಲಿ ಖನಿಜ ವಲಯಗಳನ್ನ ಮೊದಲ ಸಲ ಮ್ಯಾಪ್ ಮಾಡಿದ್ರು, ಆ ವಲಯಗಳು ಪದರಗಳನ್ನ ಅಡ್ಡಕ್ಕೆ ಕತ್ತರಿಸಿ ಹೋಗತ್ತೆ. ಒಂದೇ ಪದರ ಒಂದು ಕಡೆ ಬಯೊಟೈಟ್ ಷಿಸ್ಟ್, ಇನ್ನೊಂದು ಕಡೆ ಸಿಲ್ಲಿಮನೈಟ್ ನೈಸ್ ಆಗಿರ್ಬಹುದು. ಮೊದ್ಲು ಅದು ಏನಾಗಿತ್ತು ಅಂತ ಹಿಂದಕ್ಕೆ ಓದಿ: ಕ್ವಾರ್ಟ್‌ಜೈಟ್ ಮರಳಾಗಿತ್ತು, ಮಾರ್ಬಲ್ ಸುಣ್ಣಕಲ್ಲು, ಗ್ರಾಫೈಟ್ ಷಿಸ್ಟ್ ಕಪ್ಪು ಕೆಸರು, ಆಂಫಿಬೊಲೈಟ್ ಬಹುಶಃ ಬಸಾಲ್ಟ್ (ಲಾವಾ ಬಂಡೆ). ಬಸಾಲ್ಟ್‌ಗೆ ಸೋಡಿಯಂ ಪೊಟ್ಯಾಸಿಯಂ ನಂಬಬೇಡಿ, ಬಿಸಿನೀರಲ್ಲಿ ಓಡಾಡಿರತ್ತೆ, ಹಾಗೆ ಸುಲಭಕ್ಕೆ ಕದಲದ ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಇಟ್ರಿಯಂ ನೋಡಿ.

ಆಮೇಲೆ ವಿರಳ ಘಟನೆ ಹುಡುಕಿ. ಡಾಲ್‌ರೇಡಿಯನ್ ಒಳಗೆ ಪೋರ್ಟ್ ಅಸ್ಕೇಗ್ ಅನ್ನೋ ಹಿಮನದಿ ತಂದ ಕಲ್ಲುಮಿಶ್ರಿತ ಪದರ ಇದೆ, ಐರ್ಲೆಂಡ್ ತನಕ ಹಿಂಬಾಲಿಸಬಹುದು. ಮೇಲೆ ಸುಮಾರು 60 ಕೋಟಿ ವರ್ಷದ ಟೇವಲಿಕ್ ಜ್ವಾಲಾಮುಖಿ ಬಂಡೆಗಳಿವೆ, ಖಂಡ ಸೀಳಿ ಐಯಾಪೆಟಸ್ ತೆರ್ಕೊಳ್ತಿದ್ದ ಕಾಲ ಅದು. ಇಂಥ ಎರಡು ಗುರುತಿನ ಮಧ್ಯೆ ಇರೋದನ್ನ ಹೋಲಿಸಬಹುದು, ಅದ್ರಾಚೆ ಇರೋದು ಊಹೆ.

ಸಾಗರತಳದ ತುಂಡುಗಳ ವಿಷಯದಲ್ಲಿ ಇನ್ನೂ ಹುಷಾರು. ನ್ಯೂಫೌಂಡ್‌ಲ್ಯಾಂಡಿನ ಬೇ ಆಫ್ ಐಲೆಂಡ್ಸ್, ಸ್ಕಾಟ್ಲೆಂಡಿನ ಬಾಲಂಟ್ರೇ, ಶೆಟ್‌ಲ್ಯಾಂಡಿನ ಅನ್‌ಸ್ಟ್, ಮೂರೂ ಓಫಿಯೊಲೈಟ್, ಅಂದ್ರೆ ನೆಲದ ಮೇಲೆ ಬಂದು ಕೂತ ಸಾಗರತಳ, ಮೂರರ ವಯಸ್ಸೂ 48ರಿಂದ 49 ಕೋಟಿ ವರ್ಷದ ಹತ್ತಿರ. ಒಂದೇ ಸಾಗರದ ಒಂದೇ ಹಂತದ ಘಟನೆ ಅಂತ ಹೇಳ್ಬಹುದು. ಒಂದೇ ತುಂಡು ಅಂತ ಹೇಳೋಕೆ ಪುರಾವೆ ಇಲ್ಲ.

ಮುರಿಯೋಕೆ ಪ್ರಯತ್ನಿಸಿ, ಆಮೇಲೆ ಗೆರೆ ಎಳೀರಿ

ಹೋಲಿಕೆ ರೆಡಿ ಆದ್ಮೇಲೆ ಪ್ರತಿಯೊಂದಕ್ಕೂ ಪಕ್ಕದಲ್ಲಿ ಒಂದು ವಾಕ್ಯ ಬರೀರಿ: ಏನು ಸಿಕ್ರೆ ಇದು ತಪ್ಪಾಗತ್ತೆ. ನಮ್ಮ ಸ್ಕಾಟ್ಲೆಂಡ್–ನ್ಯೂಫೌಂಡ್‌ಲ್ಯಾಂಡ್ ಹೋಲಿಕೆಗೆ ಆ ವಾಕ್ಯ, ಸಾಲ್ಟೆರೆಲ್ಲಾ ಮಟ್ಟದ ಕೆಳಗೆ ಒಂದು ಕಡೆ ಅದಕ್ಕಿಂತ ಕಿರಿಯ ಪಳೆಯುಳಿಕೆ ಸಿಕ್ರೆ, ಅಥವಾ ಎರಿಬೋಲ್ ಮರಳಲ್ಲಿ ಅವಲೋನಿಯಾ ಥರದ ಜಿರ್ಕಾನ್ ಗುಂಪು ಬಂದ್ರೆ. ಅಂಥ ವಾಕ್ಯ ಬರೆಯೋಕೇ ಆಗ್ಲಿಲ್ಲ ಅಂದ್ರೆ ಆ ಗೆರೆಯನ್ನ ಚಾರ್ಟಿಂದ ತೆಗೀರಿ.

ಚಾರ್ಟಲ್ಲಿ ಲಂಬ ಅಕ್ಷ ದಪ್ಪ ಅಲ್ಲ, ಕಾಲ ಇರ್ಲಿ. ಸವೆದು ಹೋದ ಅವಧಿಗಳಲ್ಲಿ ಬಂಡೆ ಬರೆಯದೆ ಬರೀ ಅಡ್ಡಗೆರೆ ತುಂಬಿ, ಆಗ ಎಷ್ಟು ಕಾಲದ ದಾಖಲೆ ಇಲ್ಲ ಅನ್ನೋದು ಕಣ್ಣಿಗೆ ಹೊಡೆಯತ್ತೆ. ಪಳೆಯುಳಿಕೆ ಅಥವಾ ಡೇಟ್ ಇರೋ ಗಂಟುಗಳಿಗೆ ಮಾತ್ರ ಗಟ್ಟಿ ಗೆರೆ, ಸರಣಿ ಹೊಂದಿ ಕಾಲ ಅಂದಾಜಿಂದು ಮಾತ್ರ ಇದ್ರೆ ಮುರಿದ ಗೆರೆ, ನೋಟ ಮಾತ್ರ ಹೊಂದಿದ್ರೆ ಗೆರೆ ಬೇಡ, ಪಕ್ಕದಲ್ಲಿ ಟಿಪ್ಪಣಿ ಸಾಕು. ನಮ್ಮ ಉದಾಹರಣೆಲಿ ಒಲೆನೆಲ್ಲಸ್–ಸಾಲ್ಟೆರೆಲ್ಲಾ ಮಟ್ಟಕ್ಕೆ ಗಟ್ಟಿ ಗೆರೆ ಬರತ್ತೆ, ಹಾಕ್ ಬೇ ಮತ್ತೆ ಸಾಲ್ಟೆರೆಲ್ಲಾ ಗ್ರಿಟ್ ಮಧ್ಯೆ ಮುರಿದ ಗೆರೆ, ಡಾಲ್‌ರೇಡಿಯನ್ ಮತ್ತೆ ಫ್ಲರ್ ಡಿ ಲಿಸ್ ಮಧ್ಯೆ ಒಟ್ಟಾರೆ ಒಂದೇ ಅಂಚು ಅನ್ನೋದಕ್ಕೆ ಮುರಿದ ಗೆರೆ, ಅವುಗಳ ಒಳಗಿನ ಒಂದೊಂದು ಷಿಸ್ಟಿಗೂ ಬ್ರಿಟನಿಯ ಕೊಳವೆ ಕಲ್ಲಿಗೂ ಯಾವ ಗೆರೆಯೂ ಇಲ್ಲ.